ಮಾವನ ಸ್ಪೀಕರ್ ವಾಯರು

ಲೋಕದಲ್ಲಿ ಸ್ಪೀಕರಿನ ವಾಯರನ್ನು ಮೂಸಿ ನೋಡಿ ಕೊಂಡುಕೊಳ್ಳುವ ಮನುಷ್ಯ ಒಬ್ಬರೇ ಇದ್ದರೆ ಅವರು ಉಪ್ಪುಂದದ ನನ್ನ ಸೋದರಮಾವ. ನಂಬುವುದಿಲ್ಲವೇ? ಕುಂದಾಪುರ ಪೇಟೆಯ ಕಂಪ್ಯೂಟರ್ ಅಂಗಡಿಯವನನ್ನು ಕೇಳಿ. ಮಾವ ಬಸ್ಸಿಳಿದದ್ದು ಕಂಡರೆ ಸಾಕು, ಅವನು ಹೊಸ ವಾಯರುಗಳನ್ನು ಒಳಗಿಡುತ್ತಾನೆ!

ಮಾವ ಆಯುಷ್ಯವಿಡೀ ಮೀನುಗಾರಿಕೆ ಬೋಟಿನ ಇಂಜಿನ್ ನೋಡಿಕೊಂಡವರು. ಬಂಗಡೆಯ ಕಿವಿರು ಎತ್ತಿ, ಹೊಟ್ಟೆ ಒತ್ತಿ ತಾಜಾ ಹೌದೋ ಅಲ್ಲವೋ ಹೇಳುವ ಅಭ್ಯಾಸ ವಾಯರಿನ ಮುಂದೆಯೂ ಬಿಡಲಿಲ್ಲ. ಪಿನ್ನನ್ನು ಬೆಳಕಿಗೆ ಹಿಡಿಯುವುದು, ರಬ್ಬರನ್ನು ಉಗುರಿನಿಂದ ಒತ್ತುವುದು, ಕಡೆಗೆ ಮೂಸುವುದು.

"ಇದ್ ಐಸಿನಾಗ್ ಇಟ್ಟದ್ದ್ ಮಾರಾಯ. ಹೊಸ್ದ್ ತೋರ್ಸ್."

"ಹ್ವಾಯ್, ವಾಯರಿಗೆ ಎಂತ ಐಸ್?"

"ನಾನೂ ಅದನ್ನೇ ಕೇಂಬುದ್."

ಇಷ್ಟಕ್ಕೆಲ್ಲ ಕಾರಣ ಯಕ್ಷಗಾನ. ನಾನು ಚಿಕ್ಕವನಿದ್ದಾಗ ಮಾವ ಟೇಪ್ ರೆಕಾರ್ಡರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರಂಗಸ್ಥಳದ ಮುಂದೆ ಕೂರುತ್ತಿದ್ದರು. ಪಕ್ಕದವರು ಕೆಮ್ಮಿದರೆ ಸುಟ್ಟುಬಿಡುವಂತೆ ನೋಡುತ್ತಿದ್ದರು. ಆ ಕ್ಯಾಸೆಟ್ಟುಗಳಲ್ಲಿ ಇಂದಿಗೂ ಎಲ್ಲಕ್ಕಿಂತ ಸ್ಪಷ್ಟವಾಗಿರುವುದು ಮಾವನದೇ ಸೀನು!

ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಮಾವ ಹಳೆಯ ಕಂಪ್ಯೂಟರೊಂದನ್ನು ತಂದು ಎಲ್ಲವನ್ನೂ ಅದಕ್ಕೆ ಹಾಕಿಸಿದರು. ಅದರ ಹಿಂಬದಿಯ ಸೌಂಡ್ ಕಾರ್ಡಿನಲ್ಲಿ ಹಸಿರು, ಗುಲಾಬಿ, ನೀಲಿ ತೂತುಗಳು. ಮೊದಲ ದಿನ ಮಾವ ಸ್ಪೀಕರನ್ನು ಮೈಕಿನ ಗುಲಾಬಿ ತೂತಿಗೆ ಸಿಕ್ಕಿಸಿ, "ಭಾಗವತ್ರ್ ಇನ್ನೂ ಬರ್ಲಿಲ್ಲೆ" ಎಂದು ಮಧ್ಯಾಹ್ನದವರೆಗೆ ಕಾದರು. ಆಮೇಲೆ ಉಪ್ಪುಗಾಳಿಗೆ ತುಕ್ಕು ಹಿಡಿದೀತೆಂದು ಪಿನ್ನಿಗೆ ತೆಂಗಿನೆಣ್ಣೆ ಹಚ್ಚಿದರು. ಪದ ಹಾಡುವ ಭಾಗವತರು ಬರಲಿಲ್ಲ, ಇರುವೆಗಳು ಬಂದವು. ವಾಯರು ತುಂಡಾದಾಗ ಬಲೆಯ ಗಂಟು ಹಾಕಿದರು. ಗಂಟೇನೋ ಆನೆ ಎಳೆದರೂ ಬಿಚ್ಚದು. ಆದರೆ ಒಳಗಿನ ತಾಮ್ರ ತಾಮ್ರಕ್ಕೆ ತಾಗಬೇಕೆಂದು ಬಲೆ ಕಟ್ಟುವವರಿಗೆ ಯಾರು ಹೇಳಿಕೊಡುತ್ತಾರೆ?

ಈ ಸಲ ಮಳೆಗಾಲ ಮುಗಿದದ್ದೇ ಫೋನ್ ಬಂತು. "ಮಾಣಿ, ಎಡದ್ ಡಬ್ಬಿ ಸತ್ತ್ ಹೋಯ್ತ್. ಚೆಂಡಿ ಕೇಂತಿಲ್ಲೆ."

ಮಾವ ಕೂರುವುದೇ ಎರಡು ಸ್ಪೀಕರ್ ಡಬ್ಬಿಗಳ ನಡುವೆ, ಕಿವಿಗೊಂದರಂತೆ. ಅವರ ರೆಕಾರ್ಡಿಂಗಿನಲ್ಲಿ ಚೆಂಡೆ ಎಡದ ಸ್ಪೀಕರಿನಲ್ಲಿ, ಭಾಗವತರ ಪದ ಬಲದ್ದರಲ್ಲಿ. ಚೆಂಡೆಯಿಲ್ಲದ ಯಕ್ಷಗಾನ ಆಟವೇ? ಮಾವ ದಪ್ಪದ್ದು, ಸಪೂರದ್ದು, ಪಿನ್ನಿಗೆ ಒಂದು ಗೆರೆಯದ್ದು, ಎರಡು ಗೆರೆಯದ್ದು ಎಂದು ವಾಯರಿನ ಮೇಲೆ ವಾಯರು ತಂದಿದ್ದರು. ಯಾವುದರಲ್ಲೂ ಚೆಂಡೆ ಬರಲಿಲ್ಲ. ಊಟವೂ ಅರೆಬರೆಯಾಗಿದೆ ಎಂದು ಅತ್ತೆ ಹೇಳಿದರು.

ಭಾನುವಾರ ಬೆಳಿಗ್ಗೆ ಹೋದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಸದ್ದು ಒಯ್ಯುವ ಎರಡು ಗೆರೆಯ ವಾಯರು ಆರಿಸಿ, ಸ್ಪೀಕರಿನ ಹಸಿರು ತೂತಿಗೆ ಬಿಗಿಯಾಗಿ ಕೂರಿಸಿ ಆಟ ಹಾಕಿದೆ. ಚೆಂಡೆ ಹೇಗೆ ಬಿತ್ತೆಂದರೆ ಅಂಗಳದ ಕೋಳಿ ಹಾರಿಹೋಯಿತು! ನಾನು ಬೀಗುತ್ತ ಮಾವನ ಮುಖ ನೋಡಿದೆ.

"ಕೇಂತಿಲ್ಲೆ," ಎಂದರು.

ಡಬ್ಬಿಗಳನ್ನೇ ಅದಲುಬದಲು ಮಾಡಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

"ಈಗ?"

"ಈಗ ಚೆಂಡಿ ಬಂತ್. ಆದ್ರೆ ಪದ ಹೋಯ್ತಲ್ದಾ. ಸಮಾ ಇದ್ದ್ ಡಬ್ಬೀನೂ ಕೊಂದ್ಯಲ..."

ಮಾವನ ಕೈ ಮೆಲ್ಲಗೆ ಎಡಗಿವಿಗೆ ಹೋಯಿತು. ಅಷ್ಟು ವರ್ಷ ಇಂಜಿನ್ನಿನ ಪಕ್ಕ ಇದ್ದ ಕಿವಿ ಅದು. ಯಾವ ಅಂಗಡಿಗೆ ಹೋಗಿ ಏನು ತರುವುದು?

ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು: "ನಂಗ್ ಮಳಿಗಾಲ್ದಾಗೇ ಗೊತ್ತಾಯ್ತ್. ಅದ್ಕೇ ಊಟಕ್ಕ್ ನಾ ನಿಮ್ ಬಲ್ಗಡಿ ಕೂಕಂಬ್ದ್."

"ಹೇಳುಕಾಗ್ದಾ?"

"ವಾಯರ್ ಸಮಾ ಆತ್ತ್ ಅಂದೇಳಿ ಆಸಿ ಇತ್ತಲ್ದಾ ನಿಮ್ಗೆ. ಹ್ಯಾಂಗ್ ಹೇಳುದ್?"

ನಾನು ಎರಡೂ ಡಬ್ಬಿಗಳನ್ನು ಮಾವನ ಬಲಗಡೆಗೆ ತಂದಿಟ್ಟೆ. ಪದವೂ ಬಂತು, ಚೆಂಡೆಯೂ ಬಂತು. ಮಾವನ ಕಣ್ಣು ತುಂಬಿತು. ಬಲಗಡೆ ಕೂರಲು ಜಾಗವಿಲ್ಲದ್ದು ಕಂಡು ಅತ್ತೆ ಒಳಗೆ ಹೊರಟರು.

ಮಾವ ಎದ್ದರು. ಎರಡೂ ಡಬ್ಬಿಗಳನ್ನು ಎತ್ತಿ ಎಡಕ್ಕಿಟ್ಟು, ಬಲಗಡೆಗೆ ಸ್ಟೂಲು ಎಳೆದರು.

"ಚೆಂಡಿ ನಂಗ್ ಬಾಯಿಪಾಠ ಇತ್ತ್," ಎಂದರು ಅತ್ತೆಗೆ. "ನೀ ಇಲ್ ಕೂಕೊ. ಎಂತ ಹೇಳುಕಿತ್ತ್, ಹೇಳ್."