ನಮ್ಮ ಭಾವನವರು ಮಾಡಿದ ಕೊಲೆಗಳು

ಶಹಾಪುರದಿಂದ ಸುರಪುರದವರೆಗೆ ನಮ್ಮ ಭಾವನವರಷ್ಟು ಕೊಲೆ ಮಾಡಿದ ಮನುಷ್ಯ ಇನ್ನೊಬ್ಬನಿರಲಿಲ್ಲ. ಸಾಹುಕಾರರನ್ನು ಕೊಂದರು, ಪಟೇಲರನ್ನು ಕೊಂದರು, ವನದುರ್ಗದ ಕೋಟೆಯ ಮೇಲಿಂದ ಒಬ್ಬ ತಹಶೀಲ್ದಾರನನ್ನು ಕುದುರೆಯ ಸಮೇತ ಕೆಳಕ್ಕೆ ನೂಕಿದರು. ಕುದುರೆಯದೇನು ತಪ್ಪು ಎಂದು ನಾನು ಕೇಳಿದ್ದಕ್ಕೆ, "ಸಾಕ್ಷಿ ಉಳೀಬಾರದಲ್ಲಪಾ" ಎಂದರು! ನಿಜಾಮರ ಪೊಲೀಸರು ಅವರನ್ನು ಹಿಡಿಯಲಿಲ್ಲ. ನಿಜಾಮರು ಹೋದ ಮೇಲೆ ಬಂದ ಪೊಲೀಸರೂ ಹಿಡಿಯಲಿಲ್ಲ. ಅಷ್ಟೂ ಕೊಲೆ ನಡೆದದ್ದು ಕಾಗದದ ಮೇಲೆ. ಭಾವನವರು ಕಾದಂಬರಿಕಾರರು.

ಕಾದಂಬರಿಕಾರರೆಂದರೆ ಒಂದೂ ಕಾದಂಬರಿ ಮುಗಿಸದ ಕಾದಂಬರಿಕಾರರು. ಹೊಟ್ಟೆಪಾಡಿಗೆ ಶಹಾಪುರದ ಶಾಲೆಯಲ್ಲಿ ಮಾಸ್ತರಿಕೆ. ಮುದಗಲ್ಲಿನ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಬೆರಳೆಣಿಕೆಯ ಕ್ಯಾಥೊಲಿಕ್ ಮನೆಗಳಲ್ಲಿ ನಮ್ಮದೊಂದು, ಅವರದೊಂದು. ನಮ್ಮ ಅಕ್ಕನನ್ನು ಕೊಟ್ಟಿದ್ದೆವು. ಕೊಡುವಾಗ ಹುಡುಗನಿಗೆ ಕೆಟ್ಟ ಚಟವೇನಾದರೂ ಇದೆಯೇ ಎಂದು ವಿಚಾರಿಸಿದ್ದೆವು. ಕುಡಿತ, ಇಸ್ಪೀಟು ಎರಡೂ ಇಲ್ಲವೆಂದರು. ಬರೆಯುವ ಚಟದ ಬಗ್ಗೆ ಕೇಳಬೇಕೆಂದು ಯಾರಿಗೆ ಹೊಳೆಯಬೇಕು?

ಹೈದರಾಬಾದು ಭಾರತಕ್ಕೆ ಸೇರಿ, ಶಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬಂದಾಗ ಭಾವನವರು ಅಂಗಳದಲ್ಲಿ ನಿಂತು ಸಾರಿದರು: "ರಾಜ್ಯನ ಹೊಸದಾಗ್ಯಾದ. ನಾನೂ ಹೊಸದಾಗಿ ಸುರು ಮಾಡ್ತೇನಿ. ಇನ್ನ ಮ್ಯಾಲೆ ಕನ್ನಡದಾಗ, ಖುದಾನ ಕಸಂ!"

ಸುರು ಮಾಡಿದರು. ಆದರೆ ಅಷ್ಟು ವರ್ಷ ಬಲದಿಂದ ಎಡಕ್ಕೆ ಉರ್ದು ಬರೆದ ಕೈ ಕೇಳಬೇಕಲ್ಲ! ಕಾಗದದ ಕಟ್ಟು ಹೊಲಿದು ಅದರ ಕೊನೆಯ ಹಾಳೆಯಿಂದ ಆರಂಭಿಸಿದರು. ಎಲ್ಲರಂತೆ ಮುಂದಿನಿಂದ ಓದಿದವನಿಗೆ ಮೊದಲು ಹೆಣ ಸಿಗುತ್ತಿತ್ತು, ಆಮೇಲೆ ಕೊಲೆ, ಅದಾದ ಮೇಲೆ ಕೊಂದವನಿಗೂ ಸತ್ತವನಿಗೂ ಸ್ನೇಹ. ನನಗೇನೋ ಆ ಕ್ರಮವೇ ಹೆಚ್ಚು ಸಮಾಧಾನಕರವೆನಿಸಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನನಗೂ ಅಕ್ಕನಿಗೂ ಒಬ್ಬ ತಮ್ಮನಿದ್ದ. ರಜಾಕಾರರ ಗದ್ದಲದ ದಿನಗಳಲ್ಲಿ ಒಂದು ಮಧ್ಯಾಹ್ನ, ಭೀಮಾ ದಾಟಿ ಯಾದಗಿರಿ ಸ್ಟೇಷನ್ನಿಗೆ ಹೋಗಿಬರುತ್ತೇನೆಂದು ಅಕ್ಕನ ಮನೆಯಿಂದ ಹೊರಟ. ಅಂದು ಬದನೆಕಾಯಿ ಪಲ್ಯ ಮಾಡಿದ್ದಳು. ಬದನೆಕಾಯಿ ಕಂಡರೆ ಮೂಗು ಮುರಿಯುವ ಹುಡುಗ, ಗಂಗಾಳ ಸರಿಸಿ ಎದ್ದ. "ಹಸಿವಾದ್ರ ತಾನ ಬರ್ತಾನ" ಎಂದಳು ಅಕ್ಕ. ಬರಲಿಲ್ಲ. ಸ್ಟೇಷನ್ನಿನಲ್ಲಿ ಕಂಡವರಿಲ್ಲ, ಹೊಳೆ ದಾಟಿಸಿದವರಿಲ್ಲ. ಗದ್ದಲ ಅಡಗಿತು, ರಾಜ್ಯ ಬದಲಾಯಿತು, ಹುಡುಗನ ಸುದ್ದಿ ಮಾತ್ರ ಯಾವ ಸರ್ಕಾರದಲ್ಲೂ ಬರಲಿಲ್ಲ.

ಭಾವನವರು ಹೊಸ ಆರಂಭ ಸಾರಿದ ದಿನ ಅಕ್ಕ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಯಾರ್ಯಾರದೋ ಹೆಣಾ ಬೀಳಸೀರಿ. ಒಂದ ಕತಿ ನನಗ ಬರದ ಕೊಡ್ರಿ. ನಮ್ಮ ಹುಡುಗ ಮನಿಗಿ ಬಂದಾಂಗ. ಮುಗಸಿ ಕೊಡ್ರಿ, ನಡುವ ಬಿಡಬ್ಯಾಡ್ರಿ."

ಇಷ್ಟೇ ಕೇಳಿದ್ದು. ಬೇರೆ ಯಾವ ಗಂಡನಾದರೂ ಒಂದು ವಾರದಲ್ಲಿ ಬರೆದು ಕೊಡುತ್ತಿದ್ದ. ನಮ್ಮ ಭಾವನವರಿಗೆ ಧರ್ಮಸಂಕಟ ಹತ್ತಿತು. ಕಥೆಯಲ್ಲಿ ಹುಡುಗ ಸತ್ತನೆಂದರೆ ಕೊಂದ ಪಾಪ ಬರೆದವನದು. ಬಂದನೆಂದರೆ ಸುಳ್ಳಿನ ಪಾಪ! ಈ ತೊಡಕಿಗೆ ಪರಿಹಾರ ಹುಡುಕಲು ಸಂತರ ಚರಿತ್ರೆಗಳನ್ನು ಹಿಡಿದರು. ತಿಂಗಳಿಗೊಮ್ಮೆ ರಾಯಚೂರಿನಿಂದ ಪೂಜೆ ಮಾಡಲು ಬರುತ್ತಿದ್ದ ಪಾದ್ರಿ ಸ್ವಾಮಿಗಳ ಟ್ರಂಕಿನಿಂದ ಒಂದೊಂದಾಗಿ ಪುಸ್ತಕ ತರುವುದು, ಓದುವುದು, ಬರೆದದ್ದನ್ನು ಒಲೆಗೆ ಕೊಟ್ಟು ಮತ್ತೆ ಮೊದಲಿನಿಂದ ಆರಂಭಿಸುವುದು. ಸಿಂಹದ ಕಾಲಿನ ಮುಳ್ಳು ತೆಗೆದ ಸಂತನನ್ನು ಓದಿದ ತಿಂಗಳು, ಕಾದಂಬರಿಯ ಡಕಾಯಿತರೆಲ್ಲ ಕುಂಟತೊಡಗಿದರು. ಮೌನವ್ರತದ ಸಂತನನ್ನು ಓದಿದ ಮೇಲೆ ಪಾತ್ರಗಳು ಮಾತು ನಿಲ್ಲಿಸಿದವು. ನಾಯಕ ನಾಯಕಿಯರು ಒಂದು ಇಡೀ ಅಧ್ಯಾಯ ಪರಸ್ಪರ ನೋಡುತ್ತ ಕುಳಿತರು. ಅದನ್ನೂ ನಮಗೆ ಗಟ್ಟಿಯಾಗಿ ಓದಿ ಹೇಳಿದರು!

ಕಂಬದ ತುದಿಯಲ್ಲಿ ವರ್ಷಗಟ್ಟಲೆ ನಿಂತು ತಪಸ್ಸು ಮಾಡಿದ ಸಂತನನ್ನು ಓದಿದಾಗ ಮಾತ್ರ ವಿಷಯ ಕಾಗದ ಮೀರಿತು. ಭಾವನವರು ಮಾಳಿಗೆ ಹತ್ತಿ ನಿಂತರು. ಬೇಸಿಗೆಯ ನಡುಹಗಲು. ಹಾದಿಯಲ್ಲಿ ಹೋಗುವವರು, "ಆಡು ಕಳದಾವೇನ್ರಿ ಮಾಸ್ತರ?" ಎಂದು ಕೇಳಿ ಹೋದರು. ಅಕ್ಕ ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಮಾಡಾಕತ್ತೀರಿ?"

"ಸಂತರಂಗ ನಿಂತು ವಿಚಾರ ಮಾಡಾಕತ್ತೇನಿ."

"ಆ ಸಂತ ಮ್ಯಾಲೆ ನಿಂತಾಗ ಕೆಳಗ ಅಂವಗ ರೊಟ್ಟಿ ಬಡಿಯಾಕಿ ಯಾರಿದ್ಲಂತ ಪುಸ್ತಕದಾಗ ಬರದಾರೇನು?"

ಪುಸ್ತಕದಲ್ಲಿ ಅದಿರಲಿಲ್ಲ. ಭಾವನವರು ಇಳಿದು ಬಂದರು.

ಇನ್ನು ಅವರ ಪಾಪನಿವೇದನೆ! ನಮ್ಮಲ್ಲಿ ಮಾಡಿದ ಪಾಪವನ್ನು ಪಾದ್ರಿಗಳ ಕಿವಿಯಲ್ಲಿ ಹೇಳಿ ಕ್ಷಮೆ ಪಡೆಯುವ ಪದ್ಧತಿ. ನಮ್ಮ ತಗಡಿನ ಪುಟ್ಟ ಇಗರ್ಜಿಯ ಮೂಲೆಯಲ್ಲಿ ಒಂದು ಪರದೆ. ಆ ಕಡೆ ಸ್ವಾಮಿಗಳು, ಈ ಕಡೆ ಪಾಪಿ. ಇಬ್ಬರ ನಡುವಿನ ಗುಟ್ಟದು. ಆದರೆ ಭಾವನವರದು ಮೂರು ತರಗತಿಗೆ ಒಟ್ಟಿಗೇ ಪಾಠ ಹೇಳಿ ಪಳಗಿದ ಗಂಟಲು. ಜೊತೆಗೆ ಮಾಸ್ತರಿಕೆಯ ಇನ್ನೊಂದು ಅಭ್ಯಾಸ: ಯಾರೇನು ಕೇಳಿದರೂ ಪ್ರಶ್ನೆಯನ್ನೊಮ್ಮೆ ಗಟ್ಟಿಯಾಗಿ ಹೇಳಿಯೇ ಉತ್ತರ ಕೊಡುವುದು. ಮಂಗಳೂರಿನ ಕಡೆಯ ಹೊಸ ಸ್ವಾಮಿಗಳು ಮೊದಲ ಸಲ ಬಂದಾಗ ಇಗರ್ಜಿಯ ಹೊರಗಿದ್ದ ನಾವು ಕೇಳಿದ್ದಿಷ್ಟು.

"ಸ್ವಾಮಿ, ಸಾವುಕಾರನ್ನ ಹೊಡದ ಹಾಕೇನ್ರಿ!"

ಒಳಗೆ ಪಿಸುಮಾತು.

"ಯಾವಾಗ ಅಂತೀರೇನ್ರಿ? ಮೂರನೇ ಅಧ್ಯಾಯದಾಗ್ರಿ!"

ಮತ್ತೆ ಪಿಸುಮಾತು, ಈ ಸಲ ಸ್ವಲ್ಪ ದೀರ್ಘ.

"ಕತಿ ಬರದರ ಪಾಪ ಅಲ್ಲ ಅಂತೀರೇನ್ರಿ? ಕೊಲಿಗಾರನ ಕೈಯಾಗ ಕೊಡ್ಲಿ ಕೊಟ್ಟಾಂವ ನಾನ ಅಲ್ಲೇನ್ರಿ ಸ್ವಾಮಿ? ಅಂವಗ ಪರದಿ ಹಿಂದ ಬರಾಕ ಕಾಲಿಲ್ಲ. ಅವನ ಪರವಾಗಿ ನಾ ಬಂದೇನಿ!"

ಸ್ವಾಮಿಗಳು ಮಂಗಳೂರಿನ ಸೆಮಿನರಿಯಲ್ಲಿ ಎಲ್ಲ ಪಾಪಗಳನ್ನೂ ಓದಿಕೊಂಡು ಬಂದಿದ್ದರು. ಇದೊಂದು ಬಿಟ್ಟು ಹೋಗಿತ್ತು. ಪಾರಾಗುವ ದಾರಿ ಕಾಣದೆ, ಆ ಕೊಲೆಗಾರನಿಗೆ ಪಶ್ಚಾತ್ತಾಪವಾಗಲಿ ಎಂದು ಪ್ರಾಯಶ್ಚಿತ್ತ ವಿಧಿಸಿದರು. ಭಾವನವರು ಮನೆಗೆ ಬಂದವರೇ ನಾಲ್ಕನೇ ಅಧ್ಯಾಯದಲ್ಲಿ ಕೊಲೆಗಾರನನ್ನು ಗೋಳೋ ಎಂದು ಅಳಿಸಿದರು. ಅತ್ತುಬಿಟ್ಟ ಕೊಲೆಗಾರ ಮುಂದೆ ಯಾರನ್ನು ಕೊಲ್ಲಬೇಕು? ಕಾದಂಬರಿ ಅಲ್ಲಿಗೆ ಮಲಗಿತು.

ಊರಿಗೆ ಇದರಿಂದ ಬಹಳ ಉಪಕಾರವಾಯಿತು. ಸ್ವಾಮಿಗಳು ಬರುವ ಭಾನುವಾರ ಇಗರ್ಜಿಯ ಹೊರಗಿನ ಬೇವಿನ ಮರದ ಕೆಳಗೆ ಜನ ಸೇರತೊಡಗಿದರು. ಅವರಲ್ಲಿ ಯಾರೂ ಕ್ರೈಸ್ತರಲ್ಲ. ಬಂದದ್ದು ಕಥೆ ಕೇಳಲು! ದೋರನಹಳ್ಳಿಯ ಕುರುಬರ ಮಾಳಪ್ಪನಂತೂ ಕುರಿಗಳನ್ನು ಆ ಕಡೆಯೇ ಮೇಯಲು ಹೊಡೆದುಕೊಂಡು ಬರುತ್ತಿದ್ದ. ಒಮ್ಮೆ ಭಾವನವರು ಪರದೆಯಿಂದ ಹೊರಬರುತ್ತಲೇ ತಡೆದು ನಿಲ್ಲಿಸಿದ.

"ಮಾಸ್ತರ್ರ, ನಿಮ್ಮ ಕಳ್ಳರು ಭಾಳ ಲಗೂನ ಅಳ್ತಾರ್ರಿ."

"ಪಶ್ಚಾತ್ತಾಪ ಅದು, ಮಾಳಪ್ಪ."

"ಹೌದ್ರಿ? ನನ್ನ ಟಗರು ಕದ್ದಾಂವ ಎರಡು ಉಗಾದಿ ಆದ್ರೂ ನಗಾಕತ್ತಾನಲ್ರಿ. ಅವನ್ನೂ ಒಂದೀಟು ನಿಮ್ಮ ಕತ್ಯಾಗ ಹಾಕ್ರಿ!"

ಹೀಗೆ ವರ್ಷಗಳು ಹೋದವು. ಸ್ವಾಮಿಗಳ ಟ್ರಂಕಿನಲ್ಲಿ ಸಂತರು ಮುಗಿಯುತ್ತ ಬಂದರು. ಅಕ್ಕ ಒಮ್ಮೆಯೂ ಮತ್ತೆ ಕೇಳಲಿಲ್ಲ. ಹೊಸ ಕಾಗದದ ಕಟ್ಟು ಬಂದಾಗ ಹೊಲಿಯಲು ದಾರ ಹಾಕಿದ ಸೂಜಿ ತಂದಿಡುತ್ತಿದ್ದಳು, ಅಷ್ಟೆ. ನಾನು ತಡೆಯಲಾರದೆ, "ಭಾವ, ಅಕಿ ಸಾಯೂದರೊಳಗರ ಆ ಹುಡುಗನ್ನ ಹೊಳಿ ದಾಟಸ್ರಿ" ಎಂದೆ. ಭಾವನವರು, "ಹೊಳಿ ದಂಡಿಗಿ ಬಂದು ನಿಂತಾನಪಾ. ಯಾ ಕಡಿ ಕರೀಬೇಕಂತ ತಿಳೀವಲ್ದು" ಎಂದರು. ಇಂಥವರಿಗೆ ಏನು ಹೇಳುವುದು!

ಆ ವರ್ಷ ಕ್ರಿಸ್ಮಸ್ಸಿಗೆ ಮುಂಚಿನ ಪಾಪನಿವೇದನೆ. ಪಾಪಿಗಳ ಸಾಲು ದೊಡ್ಡದು, ಬೇವಿನ ಕೆಳಗಿನ ಗುಂಪು ಅದಕ್ಕಿಂತ ದೊಡ್ಡದು. ಭಾವನವರ ಹಿಂದೆಯೇ ಅಕ್ಕ, ಅವಳ ಹಿಂದೆ ನಾನು. ಭಾವನವರು ಪರದೆಯ ಬಳಿ ಮೊಣಕಾಲೂರಿದರು. ಮಾಳಪ್ಪ ಬೀಡಿ ಆರಿಸಿದ.

"ಸ್ವಾಮಿ, ಈ ಸಲ ಕೊಲಿ ಇಲ್ರಿ."

ಮರದ ಕೆಳಗೆ ನಿರಾಸೆಯ ಗುಜುಗುಜು.

"ಮತ್ತೇನು ಅಂತೀರೇನ್ರಿ? ಸುಳ್ಳು ಹೇಳೇನ್ರಿ."

ಪಿಸುಮಾತು.

"ಏನು ಸುಳ್ಳು ಅಂತೀರೇನ್ರಿ?" ಪ್ರಶ್ನೆ ಹೇಳಿ ಪರದೆಗೆ ಇನ್ನಷ್ಟು ಹತ್ತಿರ ಸರಿದರು. "ಹೋದ ಹುಡುಗನ್ನ ಮನಿಗಿ ಕರ್ಕೊಂಡ ಬಂದೇನ್ರಿ. ಸ್ಟೇಷನ್ನಿಂದ ನಡಕೋತ ಬಂದ, ಕೈಕಾಲು ತೊಳಕೊಂಡ, ಉಣ್ಣಾಕ ಕುಂತ. ಕತಿ ಮುಗೀತ್ರಿ."

ಸ್ವಾಮಿಗಳು ಏನೋ ಹೇಳಿದರು. ಏನು ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಜೀವಮಾನದಲ್ಲಿ ಮೊದಲ ಸಲ ಭಾವನವರು ಕೇಳಿದ್ದನ್ನು ತಿರುಗಿ ಹೇಳಲಿಲ್ಲ.

ಎದ್ದು ತಿರುಗಿದರು. ಎದುರಿಗೆ ಅಕ್ಕ.

"ಉಣ್ಣಾಕ ಕುಂತಾಂವ ಏನ್ ಉಂಡ?" ಎಂದಳು.

"ರೊಟ್ಟಿ. ಬದನಿಕಾಯಿ ಪಲ್ಯ. ಅವತ್ತ ಮನ್ಯಾಗ ಅದನ ಇತ್ತಲ್ಲ, ಅದಕ..."

"ಅಂವ ಬದನಿಕಾಯಿ ಉಣ್ಣಂಗಿಲ್ಲ ಅಂತ ನಿಮಗ ಗೊತ್ತಿಲ್ಲೇನು? ಪುಂಡಿಪಲ್ಯ ಮಾಡಿದ್ದೆ ಅಂತ ಬರೀರಿ."

"ಮಾಡಿರಲಿಲ್ಲಲ್ಲ."

"ಬರೀರಿ."

ಭಾವನವರು ಒಮ್ಮೆ ಪರದೆಯ ಕಡೆ ನೋಡಿದರು. ಸ್ವಾಮಿಗಳು ಇನ್ನೂ ಅಲ್ಲೇ ಇದ್ದರು. ಒಂದು ಹೆಜ್ಜೆ ಹಿಂದಿಟ್ಟರೆ ಸಾಕಿತ್ತು. ಅವರು ಹೊರಗೆ ನಡೆದರು. ಮಾಳಪ್ಪ ಎದ್ದು, ಕುರಿಗಳನ್ನು ಅತ್ತಿತ್ತ ಸರಿಸಿ, ಮಾಸ್ತರರಿಗೆ ಮನೆಯ ಕಡೆ ಹಾದಿ ಮಾಡಿಕೊಟ್ಟ.

ಪುಂಡಿಪಲ್ಯದ ಆ ಎರಡನೆಯ ಸುಳ್ಳನ್ನು ಅವರು ಯಾವ ಸ್ವಾಮಿಗಳ ಮುಂದೆಯೂ ನಿವೇದಿಸಿಕೊಳ್ಳಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ನಿವೇದಿಸಿಕೊಂಡಿದ್ದರೆ ಇಡೀ ಶಹಾಪುರಕ್ಕೆ ಕೇಳಿಸುತ್ತಿತ್ತು.