ಪಾರ್ಕಿಗೆ ಹೋದ ಕಂಬಳಿ

ಬರ್ರಿ, ಹಿಂಗ ಕಟ್ಟಿಗೆ ಆನಕೊಂಡು ಆರಾಮ ಕೂಡ್ರಿ. ಆ ಫೋನು ಸ್ವಲ್ಪ ಮಗ್ಗಲಕ್ಕ ಇಡ್ರಿ, ಅದೇನು ಎದ್ದು ಓಡಿಹೋಗೂದಿಲ್ಲ. ಸಣ್ಣ ಹುಡುಗ್ರನ್ನ ಕಟ್ಟಿಕೊಂಡು ಮನಿ ಹೊಸ್ತಲಾ ದಾಟಿದ್ರಂದ್ರ ಏನರೆ ಒಂದು ಆಗೇ ಆಗತೈತಿ. ನಮ್ಮ ಚಿಮ್ಮಡದಿಂದ ಬನಹಟ್ಟಿ ಸಂತಿಗೆ ಹೋದ್ರೂ ಆಗತೈತಿ. ಅಂಥಾದ್ರಾಗ ನಾವು ಹೋಗಿದ್ದು ಆಟದ ಪಾರ್ಕಿಗೆ. ಆಗದ ಬಿಡತೈತೇನು?

ಚೀಲ ತುಂಬಿದ್ದು

ಮುಧೋಳ ದಾಟಿ ಮುಂದ ಒಂದು ಪಾರ್ಕ್ ಆಗೇತಿ. ಒಳಗ ನೀರಿನ ಆಟ, ಮುಗಲಿಗೆ ಮುಟ್ಟೂವಂಥಾ ತಿರುಗೂ ತೊಟ್ಟಿಲ, ಮತ್ತ ಸಿಮೆಂಟಿನ ಗೊಂಬಿ ಮಾಡಿಟ್ಟ ಒಂದು ಹಳ್ಳಿ. ಹಳ್ಳ್ಯಾಗ ಇರೂ ಮಂದಿ ಯಾಕ ಸಿಮೆಂಟಿನ ಹಳ್ಳಿ ನೋಡಾಕ ಹೋಗತಾರ ಅಂತ ನನಗೂ ತಿಳೀಲಿಲ್ಲ. ಅದನ್ನ ನೋಡಾಕರೆ ಹೋಗಬೇಕಂತ ನಾನೂ ಹೊಂಟ್ನಿ.

ನನ್ನ ಮಗ ಮುಧೋಳದಾಗ ಸಾಲಿ ಮಾಸ್ತರ. ಸೊಸಿ ಜಮಖಂಡಿ ದವಾಖಾನ್ಯಾಗ ನರ್ಸ್. ದೊಡ್ಡ ಮೊಮ್ಮಗಳು ಎರಡನೇತ್ತೆ. ಸಣ್ಣ ಮೊಮ್ಮಗ ಈಗ ಓಡಾಕ ಕಲತಾನ, ನಿಲ್ಲಾಕ ಇನ್ನೂ ಕಲತಿಲ್ಲ.

ಹಿಂದಿನ ದಿನ ಸಂಜಿಮುಂದ ಸೊಸಿ ಚೀಲ ತುಂಬಾಕತ್ತಿದ್ಲು. ಬೆನ್ನಿಗೆ ಹಾಕೂ ಚೀಲ. ಅದಕ್ಕ ಹತ್ತು ಕಿಸೆ. ಒಂದರಾಗ ಕೂಸಿನ ಚಡ್ಡಿ, ಒಂದರಾಗ ಹಾಲಿನ ಬಾಟ್ಲಿ, ಒಂದರಾಗ ಜ್ವರದ ಔಷಧ. ತುಂಬಿಕೋತ ತುಂಬಿಕೋತ ನನಗಂದ್ಲು:

"ಅತ್ತೀ, ಎಲ್ಲಿ ಹೋದ್ರೂ ಇವ್ರು ಮಗಳ ಜೋಡಿ ಮ್ಯಾಲ ಹೋಗತಾರ, ನಾನು ಚೀಲ, ಕೂಸು ಹಿಡಕೊಂಡು ಕೆಳಗ ನಿಂತು ಕೈ ಮಾಡತೇನ್ರಿ. ಈ ಸಲ ನಾನೂ ಇವ್ರ ಜೋಡಿ ಒಮ್ಮೆ ಆ ತೊಟ್ಟಿಲದಾಗ ಕೂಡಬೇಕ್ರಿ."

"ಕೂಡುವಂತಿ ಬಿಡವಾ," ಅಂದ್ನಿ. "ಚೀಲ ನಾ ಹಿಡೀತೇನಿ, ಕೂಸು ನಾ ಹಿಡೀತೇನಿ. ಈ ಸಲ ನೀನು ಮ್ಯಾಲಿಂದ ನಮಗ ಕೈ ಮಾಡು."

ಮಾತು ಕೊಟ್ಟ ಮ್ಯಾಲ ನಾನೂ ತಯಾರಾಗಬೇಕಲ್ಲ? ರೊಟ್ಟಿ ಕಟ್ಟು, ಶೇಂಗಾ ಚಟ್ನಿ, ಪುಂಡಿಪಲ್ಯ, ಗಡಿಗಿ ಮೊಸರು ಗಂಟು ಕಟ್ಟಿದ್ನಿ. ಬೀರೇಶ್ವರನ ಗುಡಿ ಅರಿಷಿಣ, ಭಂಡಾರದ ಚೀಟು ಸೊಂಟಕ್ಕ ಸಿಗಿಸಿದ್ನಿ. ಮ್ಯಾಲ ಕಂಬಳಿ. ನಮ್ಮ ಮನಿತನ ಕುರಿಯಾವ್ರದು. ಕಂಬಳಿ ಬಿಟ್ಟು ನಮ್ಮ ಹಿರ್ಯಾರು ಯಾರೂ ಊರ ಸೀಮಿ ದಾಟಿದವ್ರಲ್ಲ.

ಮಗ ನೋಡಿ ಹಣಿ ಬಡಕೊಂಡ. "ಯವ್ವಾ, ಒಂದ ದಿನದ ಆಟಕ್ಕ ಹೊಂಟೇವಿ. ಕುರಿ ಹೊಡಕೊಂಡು ವಲಸಿ ಹೊಂಟಿಲ್ಲ ಬೇ!"

"ಕುರಿ ಹೊಡಕೊಂಡು ಹೋಗೂದು ಸಸಾರ ಐತೋ," ಅಂದ್ನಿ. "ಅವು ಕರದ್ರ ಬರತಾವ. ನಿನ್ನ ಮಗ ಬರತಾನೇನು?"

ಗೇಟಿನ್ಯಾಗ

ಗೇಟಿನ್ಯಾಗ ಒಬ್ಬ ಕಾವಲುಗಾರ ಎಲ್ಲಾರ ಚೀಲಾ ತೆಗೆಸಿ ನೋಡಾಕತ್ತಿದ್ದ. ಸೊಸಿ ಚೀಲ ನೋಡಿ ಬಿಟ್ಟ. ನನ್ನ ಗಂಟು ಬಿಚ್ಚಿ ನೋಡಿ ನಿಂತುಬಿಟ್ಟ.

"ಅಜ್ಜೀ, ಹೊರಗಿನ ಊಟ ಒಳಗ ಬಿಡೂದಿಲ್ಲ. ಕೂಸಿನ ಊಟ ಅಷ್ಟ ಬಿಡತೇವಿ."

"ಇದು ಕೂಸಿಂದ ಐತಪಾ," ಅಂದ್ನಿ.

ಅಂವ ಸೊಸಿ ಬಗಲಾಗಿದ್ದ ಸಣ್ಣಾಂವನ್ನ ನೋಡಿದ, ರೊಟ್ಟಿ ಕಟ್ಟು ನೋಡಿದ. "ಇಷ್ಟೂ ರೊಟ್ಟಿ ಈ ಕೂಸು ತಿಂತೈತೇನು?"

"ಅದಲ್ಲೋ. ಅದು ಅವರ ಕೂಸು. ನನ್ನ ಕೂಸು ಅಲ್ಲಿ ಮೀಸಿ ತಿರುವಿಕೋತ ನಿಂತೈತಿ ನೋಡು. ಅದಕ್ಕ ರೊಟ್ಟಿ ಬೇಕ."

ನನ್ನ ಮಗ ಆ ಕಡೆ ಮಾರಿ ತಿರುವಿ, ನಮ್ಮ ಗುರ್ತ ಇಲ್ಲದವರಂಗ ನಿಂತ. ಪಾಳ್ಯಾಗಿನ ಮಂದಿ ನಗಾಕತ್ತಿತು. ಕಾವಲುಗಾರನೂ ನಕ್ಕ. ಆದ್ರ ಬಿಡಲಿಲ್ಲ. ಅವನ ನೌಕರಿ ಅದು, ಅವಂಗ್ಯಾಕ ತ್ರಾಸ ಕೊಡೂದು? ಗೇಟಿನ ಮಗ್ಗಲ ಬೇವಿನ ಗಿಡದ ನೆರಳಾಗ ಕಂಬಳಿ ಹಾಸಿದ್ನಿ. ಮುಂಜಾನಿ ಹೊತ್ತಿನ್ಯಾಗ ಮಧ್ಯಾಹ್ನದ ಊಟ ಮುಗಿಸಾಕ ಕುಂತ್ವಿ. ಸೊಸಿ ಒಂದು ಕಣ್ಣು ರೊಟ್ಟಿ ಮ್ಯಾಲ, ಒಂದು ಕಣ್ಣು ಒಳಗ ತಿರುಗೂ ತೊಟ್ಟಿಲದ ಮ್ಯಾಲ ಇಟ್ಟಕೊಂಡು ಉಂಡ್ಲು.

ಪುಂಡಿಪಲ್ಯದ ವಾಸನಿ ಗೇಟಿನ ತನಕಾ ಹೋತು. ಕಾವಲುಗಾರ ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. "ಬಾರೋ ಯಪ್ಪಾ, ನೀನೂ ಯಾರದೋ ಕೂಸ," ಅಂದು ರೊಟ್ಟಿ ಮ್ಯಾಲ ಪಲ್ಯ ಹಚ್ಚಿ ಕೈಯಾಗ ಕೊಟ್ನಿ.

ಅಷ್ಟರಾಗ ಬೀಳಗಿ ಕಡಿಂದ ಒಂದು ಟೆಂಪೋ ಮಂದಿ ಬಂದು ಇಳೀತು. ಇಂವ ಓಡಿಹೋಗಿ, ಗಲ್ಲದ ತುಂಬ ರೊಟ್ಟಿ ಇಟ್ಟಕೊಂಡು ಕೈ ಅಡ್ಡ ಮಾಡಿ ಹೇಳಾಕತ್ತಿದ: "ಹೊರಗಿನ ಊಟ... ಒಳಗ... ಬಿಡೂದಿಲ್ರೀ!"

ಸ್ವಿಚ್ಚಿನ ಸಮುದ್ರ

ಒಳಗ ಹೋದಕೂಡ್ಲೆ ದೊಡ್ಡಾಕಿ ನನಗ "ಆಯಿ, ಸಮುದ್ರ!" ಅಂತ ಹೇಳಿ ಓಡಿದ್ಲು. ಖರೇನ ಸಮುದ್ರ ಇದ್ದಂಗ ತೆರಿ ಬರಾಕತ್ತಿದ್ವು. ಗಾಳಿ ಇಲ್ಲ, ಹೊಳಿ ಇಲ್ಲ, ನೀರು ತಾನ ಎದ್ದೆದ್ದು ಬರತೈತಿ. ಅನಗವಾಡಿ ಕಡೆ ಘಟಪ್ರಭಾ ಹೊಳಿ ತುಂಬಿ ಹರಿಯೂದನ್ನ ನೋಡೇನಿ, ಆದ್ರ ಅದು ಹಿಂಗ ಮುಂದ ಬಂದು, ಏನೋ ನೆನಪಾದವರಂಗ ಹಿಂದ ಹೋಗೂದಿಲ್ಲ. ಹಿಂದಿಂದ ಯಾರು ನೂಕತಾರ ಅಂತ ನೋಡಾಕ ಗ್ವಾಡಿ ಸುತ್ತ ಹಾಕಿ ಹಿಂದಕ್ಕ ಹೋದ್ನಿ. ಒಂದು ಬಾಗಲಾ, ಒಳಗ ಗುಂಯ್ ಅನ್ನೂ ಮಷಿನು, ಬಾಗಲದಾಗ ಒಬ್ಬ ಹುಡುಗ ಚಾ ಕುಡಿಯಾಕತ್ತಿದ್ದ.

"ಸಮುದ್ರ ನೀನ ಮಾಡೂದೇನೋ?" ಅಂದ್ನಿ.

"ಹೌದ್ರಿ ಅಜ್ಜಿ. ಈಗ ಬಂದ್ ಮಾಡತೇನ್ರಿ, ಊಟಕ್ಕ ಹೋಗಬೇಕು."

ಸಮುದ್ರಕ್ಕೂ ಊಟದ ಸೂಟಿ ಇರತೈತಿ ಅಂತ ಆವತ್ತ ಗೊತ್ತಾತು ನನಗ.

ತಿರುಗಿ ಬಂದು ನೋಡತೇನಿ, ಸಣ್ಣಾಂವ ಮೊಣಕಾಲ ನೀರಾಗ ನಿಂತು ಗಡಗಡ ನಡಗಾಕತ್ತಾನ. ನನಗ ತಡೀಲಿಲ್ಲ. ಕಂಬಳಿ ಬಿಚ್ಚಿಕೊಂಡು ಅವನ್ನ ಸುತ್ತಾಕ ಸೀದಾ ನೀರಾಗ ಇಳದ್ನಿ. ಆ ಚಾ ಹುಡುಗ ಊಟಕ್ಕ ಹೋಗೂದಕ್ಕಿಂತ ಮೊದಲ ಕಡೀದೊಂದು ದೊಡ್ಡ ತೆರಿ ಬಿಟ್ಟಿದ್ದ ಅಂತ ಕಾಣತೈತಿ. ಅದು ಬಂದು ಬಡೀತು. ಕೂಸು ಸೊಸಿ ಬಗಲಿಗೆ ಹಾರಿತು, ನಾನು ಕುಂತ್ನಿ, ಕಂಬಳಿ ನೀರು ಕುಡೀತು. ಒಣಾ ಇದ್ದಾಗ ಹೆಗಲ ಮ್ಯಾಲ ಹಗರ ಇರೂ ಕಂಬಳಿ ನೀರು ಕುಡದ್ರ ಗಬ್ಬಾದ ಕುರಿಗಿಂತ ಭಾರ. ನನ್ನ ಮಗ ಒಂದು ತುದಿ, ನಾನು ಒಂದು ತುದಿ ಜಗ್ಗಿದ್ವಿ. ಅದು ಬರವಲ್ದು.

ದಂಡಿ ಮ್ಯಾಲ ಮಂದಿನ್ನ ಕಾಯಾಕ ನಿಂತ ಸೀಟಿಯಾಂವ ಸೀಟಿ ಊದಿಕೋತ ಓಡಿಬಂದ. "ಅಜ್ಜೀ! ಅಜ್ಜೀ! ನೀರಾಗ ನೈಲಾನ್ ಬಟ್ಟಿ ಅಷ್ಟ ಬಿಡೂದು ಅಂತ ಬೋರ್ಡ್ ಹಾಕೇವಿ, ನೋಡಿಲ್ಲೇನು?"

"ನಾ ಸಾಲಿ ಕಲತಿಲ್ಲಪಾ," ಅಂದ್ನಿ. "ಕಲತಿದ್ರೂ ಅಷ್ಟ. ಯಾವ ಕುರಿ ನೈಲಾನ್ ಕೊಡತೈತೋ ತಮ್ಮಾ?"

ತೊಟ್ಟಿಲಕ್ಕ ಭಂಡಾರ

ಕಂಬಳಿ ಹಿಂಡಿ ಮಗನ ಹೆಗಲ ಮ್ಯಾಲ ಹಾಕಿದ್ನಿ. ಅಂವ ಹೋದಲ್ಲೆಲ್ಲಾ ನೀರು ಸುರಿಸಿಕೋತ, ಕುರಿ ವಾಸನಿ ಹೊಡಿಸಿಕೋತ ನಡೆದ. ಮಂದಿ ತಾವ ಹಾದಿ ಬಿಟ್ಟ ಕೊಡಾಕತ್ತಿತು. ಎಂಥಾ ಗದ್ದಲದಾಗೂ ನಮಗ ಪಾಳಿ ಹತ್ತಲಿಲ್ಲ.

ತೊಟ್ಟಿಲದ ಬುಡಕ್ಕ ಬಂದ್ವಿ. ಕುತ್ತಿಗಿ ಎತ್ತಿ ನೋಡಿದ್ನಿ, ತಲಿ ಸೆರಗು ಬಿತ್ತು. ಅಷ್ಟ ಎತ್ತರ. ನನ್ನ ಸೊಸಿ ಮ್ಯಾಲ ಹೋಗಾಕಿ. ನಮ್ಮ ಮನ್ಯಾಗ ಸೈಕಲ್ ತಂದ್ರೂ ಭಂಡಾರ ಹಚ್ಚದ ಹತ್ತೂದಿಲ್ಲ. ಸೊಂಟದ ಚೀಟು ತಗದು ತೊಟ್ಟಿಲದ ಬಾಗಲಕ್ಕ ಮೂರು ಬಟ್ಟು ಎಳದ್ನಿ.

ತೊಟ್ಟಿಲ ತಿರುಗಸಾಂವ ಗಾಬರ್ಯಾದ. "ಏನ ಮಾಡಾಕತ್ತೀರಿ ಅಜ್ಜಿ?"

"ಪೂಜಿಪಾ. ಎಲ್ಲಾರೂ ಸುಖರೂಪ ಇಳೀಲಿ ಅಂತ."

"ಯಾರೂ ಬೀಳೂದಿಲ್ಲ ಬಿಡ್ರಿ!"

"ಬೀಳೂದಿಲ್ಲ ಅಂದ್ರ ಬೆಲ್ಟ್ ಯಾಕ ಕಟ್ಟತೀಯೋ?"

ಅಂವ ಬೆಲ್ಟಿನ ಕೊಂಡಿ ಮತ್ತೊಮ್ಮೆ ಜಗ್ಗಿ ನೋಡಿದ. ಹಿಂದ ನಿಂತ ಒಬ್ಬಾಕಿ ಇದನ್ನ ಕೇಳಿ, "ಅಜ್ಜೀ, ನನಗೂ ಸ್ವಲ್ಪ ಹಚ್ಚರಿ," ಅಂತ ಹಣಿ ಮುಂದ ಮಾಡಿದ್ಲು. ಆಕಿ ಗಂಡ ಬಗ್ಗಿದ. ಅವನ ಹಿಂದ ಕಾಲೇಜಿನ ಹುಡುಗೂರು ನಕ್ಕೋತ ಬಗ್ಗಿದ್ರು. ಕಡೀಕ ತಿರುಗಸಾಂವನೂ ಆ ಕಡೆ ಈ ಕಡೆ ನೋಡಿ ಬಗ್ಗಿದ.

ಅಷ್ಟರಾಗ ಸೊಸಿ ಹೋಗಿ ಒಳಗ ಕುಂತಿದ್ಲು. ಮಾರಿ ಮ್ಯಾಲ ಏನ ಕಳಿ ಅಂತೀರಿ! ಬೆಲ್ಟ್ ಹಾಕಿದ್ರೋ ಇಲ್ಲೋ, ನನ್ನ ಬಗಲಾಗಿನ ಸಣ್ಣಾಂವ "ಅವ್ವಾ" ಅಂತ ಒದರಿದ ನೋಡ್ರಿ, ನೀರಿನ ಕಡೆ ಇದ್ದ ಸೀಟಿಯಾಂವ ಯಾರೋ ಮುಳುಗಿದ್ರು ಅಂತ ಓಡಿಬಂದ. ಬಿಸ್ಕೀಟು ಕೊಟ್ನಿ, ಒಗದ. ಬಾಟ್ಲಿ ಕೊಟ್ನಿ, ನನ್ನ ತಲಿಗೆ ಹೊಡದ. ಸೊಸಿ ಬೆಲ್ಟ್ ಬಿಚ್ಚಿಕೊಂಡು ಸುಮ್ಮನ ಇಳದು ಬಂದ್ಲು. "ಇರಲಿ ಬಿಡ್ರಿ ಅತ್ತಿ," ಅಂದ್ಲು. ಹಂಗ ಅಂದಿದ್ದ ನನ್ನ ಎದಿಗೆ ಹತ್ತಿತು.

ಪಾಳ್ಯಾಗ ಇದ್ದವ್ರಿಗೆಲ್ಲಾ ಭಂಡಾರ ಹಚ್ಚಿ ಮ್ಯಾಲ ಕಳಿಸಿದ್ನಿ. ಯಾರ ಸಲುವಾಗಿ ಚೀಟು ಬಿಚ್ಚಿದ್ನೋ ಆಕಿ ಅಷ್ಟ ಕೆಳಗ.

ಸಿಮೆಂಟಿನ ಹಳ್ಳಿ

ಹೊತ್ತು ಇಳಿಯಾಕ ಬಂದಿತ್ತು. ತೊಟ್ಟಿಲ ಇನ್ನ ಸ್ವಲ್ಪ ಹೊತ್ತಿಗೆ ಬಂದ್ ಅಂತ ಮೈಕಿನ್ಯಾಗ ಹೇಳಾಕತ್ತಿದ್ರು. ನಾವು ಗೊಂಬಿ ಹಳ್ಳಿಗೆ ಬಂದಿದ್ವಿ. ಮಗ್ಗದ ಮುಂದ ಕುಂತ ನೇಕಾರ, ರೊಟ್ಟಿ ಬಡಿಯಾಕಿ, ಎಲ್ಲಾ ಸಿಮೆಂಟಿನ್ವು. ರೊಟ್ಟಿ ಬಡಿಯಾಕಿ ಕೈ ಹಿಡಿಯೂದು ತಪ್ಪಿತ್ತು. ಹೇಳಿದ್ರ ಆಕಿ ಕೇಳಾಕಿಯಲ್ಲ ಅಂತ ಬಿಟ್ನಿ. ಒಂದು ಮೂಲ್ಯಾಗ ಕುರಿ ಕಾಯಾಂವ ಕೋಲು ಹಿಡಕೊಂಡು ನಿಂತಿದ್ದ. ಅವನ ಹೆಗಲು ಖಾಲಿ! ಕಂಬಳಿ ಇಲ್ಲದ ಕುರಿ ಕಾಯಾಂವನ್ನ ನಾ ಅಲ್ಲೇ ನೋಡಿದ್ದು.

"ತಗೋ ಯಪ್ಪಾ," ಅಂತ ನಮ್ಮ ಹಸಿ ಕಂಬಳಿ ಅವನ ಹೆಗಲಿಗೆ ಹಾಕಿದ್ನಿ. ಅವಂಗ ಮಾನ ಆತು, ಕಂಬಳಿ ಒಣಗಿದಂಗೂ ಆತು. ಅವನ ಕಾಲಬುಡಕ ಚೀಲ, ಗಂಟು ಎಲ್ಲಾ ಸುತ್ತ ಇಟ್ಟಕೊಂಡು ಕುಂತು, ಸಣ್ಣಾಂವನ್ನ ಕಾಲ ಮ್ಯಾಲ ಹಾಕಿ ತಟ್ಟಿದ್ನಿ. ಕಂಬಳಿ ವಾಸನಿಗೋ ಏನೋ, ಹುಡುಗ ಕಣ್ಣ ಮುಚ್ಚಿದ.

ನಾ ಸೊಸಿಗೆ ಕಣ್ಣಾಗ ಹೇಳಿದ್ನಿ: ಓಡು. ಗಂಡನ ಕೈ ಹಿಡಕೊಂಡು, ಮಗಳನ್ನ ಎಳಕೊಂಡು ಓಡಿದ್ಲು.

ಆ ಹುಡುಗಂದು ಒಂದು ಚಾಳಿ ಐತಿ. ಮಲಗಿದಾಗ ನನ್ನ ಕೈಯಾಗಿನ ಬಳಿ ಸಪ್ಪಳಾದ್ರೂ ಏಳತಾನ. ಎದ್ನಂದ್ರ ಮತ್ತ ಆ ಒದರಾಟ, ಸೊಸಿ ಮತ್ತ ಅರ್ಧಕ್ಕ ಇಳದು ಬರೂದು. ಅದಕ್ಕ ನಾ ಕೈ ಅಲಗಿಸಲಿಲ್ಲ, ತಲಿ ತಿರುವಲಿಲ್ಲ. ಉಸರೂ ಸಣ್ಣಗ ಬಿಡಾಕತ್ತಿದ್ನಿ.

ಆವಾಗ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಒಬ್ಬಾಕಿ ಅತ್ತಿ.

"ಅಯ್ಯ, ಈ ಅಜ್ಜಿ ಗೊಂಬಿ ನೋಡ್ರಿ! ಎಷ್ಟ ಛಲೋ ಮಾಡ್ಯಾರ! ಮಾರಿ ಮ್ಯಾಲಿನ ನೆರಿಗಿ ಸೈತ ತಗದಾರ!" ಅಂದ್ಲು ಹೆಂಡತಿ.

ನಾ ಕಣ್ಣರೆಪ್ಪಿ ಬಡೀಲಿಲ್ಲ.

"ಮೂಗು ಸ್ವಲ್ಪ ದಪ್ಪ ಆಗೇತಿ. ಸಿಮೆಂಟ್ ಹೆಚ್ಚಾಗೇತಿ," ಅಂದ್ಲು ಆ ಅತ್ತಿ.

ಆಕಿ ಮೂಗಿನ ಬಗ್ಗೆ ನನ್ನ ಕಡೆ ಭಾಳ ಮಾತಿದ್ವು. ಕೂಸಿನ ಮಾರಿ ನೋಡಿ ನುಂಗಿಕೊಂಡ್ನಿ.

ಗಂಡ ನಮ್ಮದರಂಥಾದ್ದ ಇದ್ದ ತನ್ನ ಚೀಲ ನಮ್ಮ ಚೀಲದ ಮಗ್ಗಲಕ ಇಟ್ಟು, "ಅಜ್ಜೀ, ಸ್ವಲ್ಪ ಕಾಯ್ಕೋತ ಕೂಡವಾ," ಅಂತ ಚೇಷ್ಟಿ ಮಾಡಿ ಮೂವರೂ ನನ್ನ ಆಜುಬಾಜು ನಿಂತು ಫೋಟೋ ಹೊಡಕೊಂಡ್ರು. ಎದುರಿಗೆ ನನಗ ತೊಟ್ಟಿಲ ಕಾಣಾಕತ್ತಿತ್ತು. ಮ್ಯಾಲ, ಎಲ್ಲಾರಕಿಂತ ಮ್ಯಾಲ, ಒಂದು ಹಸರು ಸೀರಿ. ನನ್ನ ಸೊಸಿ! ಎರಡೂ ಕೈ ಎತ್ತಿ ಬೀಸಾಕತ್ತಿದ್ಲು. ತಿರುಗಿ ಕೈ ಮಾಡಬೇಕು ಅನಸತೈತಿ, ಮಾಡಾಂಗಿಲ್ಲ. ಕಣ್ಣಾಗ ನೀರು ಬಂತು.

"ರೀ, ಗೊಂಬಿ ಕಣ್ಣಾಗ ನೀರು ಬರೂವಂಗ ಮಾಡ್ಯಾರ್ರಿ! ಪೈಪ್ ಹಾಕ್ಯಾರೇನು?" ಅಂದ್ಲು ಹೆಂಡತಿ.

"ಎಲ್ಲಾ ಮಷಿನ್ ಇರತೈತಿ, ನಡಿ," ಅಂದ ಗಂಡ. ಅಂದಾಂವ ಬಗ್ಗಿ ಚೀಲ ಎತ್ತಿದ. ತನ್ನದಲ್ಲ, ನಮ್ಮದು! ಕೂಸಿನ ಚಡ್ಡಿ, ಹಾಲಿನ ಬಾಟ್ಲಿ, ಔಷಧ, ಎಲ್ಲಾ ಅದರಾಗ. ಒದರಿದ್ರ ಕೂಸು ಏಳತೈತಿ, ಸುಮ್ಮನಿದ್ರ ಚೀಲ ಹೋಗತೈತಿ. ಅದಕ್ಕ ತಲಿ ಅಲಗಿಸದ, ತುಟಿ ಅಷ್ಟ ಬಿಚ್ಚಿ, ಮೆಲ್ಲಕ ಅಂದ್ನಿ:

"ತಮ್ಮಾ, ಅದು ನಂದು. ನಿಂದು ಎಡಕ್ಕೈತಿ. ಸಪ್ಪಳ ಮಾಡಬ್ಯಾಡ, ಕೂಸು ಮಲಗೇತಿ."

ಅಂವ ನಮ್ಮ ಚೀಲ ಇಟ್ಟ. ತನ್ನ ಚೀಲ ಮರತ. ತನ್ನ ಹೆಂಡತೀನೂ ಮರತ. ಅವರತ್ತಿ ಮಾತ್ರ ಎಲ್ಲಾರಕಿಂತ ಮುಂದ ಓಡಿದ್ಲು. ಆ ವಯಸ್ಸಿನ್ಯಾಗ ಅಂಥಾ ಓಟ ನಾ ನೋಡಿಲ್ಲ. ಆದ್ರೂ ಒಂದು ಮಾತು ಹೇಳಬೇಕು, ಒಬ್ಬರೂ ಸಪ್ಪಳ ಮಾಡಲಿಲ್ಲ.

ಮುಂದ ಅವರೆಲ್ಲಾ ಏನಾದ್ರು ಅಂತ ಕೇಳತೀರಿ. ಆ ಮನಷ್ಯಾಂದು ಚೀಲ ಗೇಟಿನ್ಯಾಗ ಕೊಟ್ಟ ಬಂದ್ವಿ. ಅಂವ ದೂರ ನಿಂತು, "ಆ ಗೊಂಬಿ ಹೋತೇನ್ರಿ?" ಅಂತ ಕೇಳಿ ಖಾತ್ರಿ ಮಾಡಿಕೊಂಡ ಮ್ಯಾಲ ಚೀಲ ಒಯ್ದನಂತ. ತೊಟ್ಟಿಲ ತಿರುಗಸಾಂವ ಈಗ ದಿನಾ ಮುಂಜಾನಿ ತಾನ ಅರಿಷಿಣ ಹಚ್ಚಿ ಸುರು ಮಾಡತಾನಂತ. ದೊಡ್ಡಾಕಿ ಸಾಲ್ಯಾಗ "ನಮ್ಮ ಆಯಿ ಗೊಂಬಿ ಆಗಿದ್ಲು" ಅಂತ ಹೇಳಿ ಯಾರೂ ನಂಬದ್ದಕ್ಕ ಅತ್ತು ಬಂದ್ಲು. ಸಣ್ಣಾಂವ ಮನಿ ಮುಟ್ಟೂತನಕಾ ಮಲಗಿ, ನಾವು ಮಲಗೂ ಹೊತ್ತಿಗೆ ಎದ್ದ. ಮಗ ಈಗ ಎಲ್ಲಿ ಹೋದ್ರೂ ನನ್ನ ಗಂಟು ತಾನ ಹೊರತಾನ, ನಾ ಗೇಟಿನ್ಯಾಗ ಬಾಯಿ ತಗೀಬಾರದಂತ.

ಸೊಸಿ ಇಳದು ಬಂದಾಗ ಕೂದಲೆಲ್ಲಾ ಗಾಳಿಗೆ ಬಿಚ್ಚಿತ್ತು. "ಹೆಂಗಿತ್ತವಾ?" ಅಂದ್ನಿ. "ಅತ್ತೀ, ಕೈಯಾಗ ಏನೂ ಇದ್ದಿಲ್ರಿ. ಚೀಲಿಲ್ಲ, ಕೂಸಿಲ್ಲ. ಕೈ ಎಲ್ಲಿಟ್ಟಕೋಬೇಕು ಅಂತ ತಿಳೀಲಿಲ್ಲ. ಅದಕ್ಕ ಮ್ಯಾಲ ಎತ್ತಿಬಿಟ್ನಿ," ಅಂದ್ಲು.

ಕಂಬಳಿ ಮಾತ್ರ ಅಲ್ಲೇ ಮರತು ಬಂದ್ವಿ. ಮಗ ಪಾರ್ಕಿಗೆ ಫೋನ್ ಹಚ್ಚಿದ್ರ, ಎತ್ತಿದಾಂವ ಆ ರೊಟ್ಟಿ ತಿಂದ ಕಾವಲುಗಾರನ. "ಕಂಬಳಿ ಬಂದ ಮ್ಯಾಲ ನಮ್ಮ ಕುರಿ ಕಾಯಾಂವಗ ಜೀವಕಳಿ ಬಂದೈತ್ರಿ, ಸಾಹೇಬ್ರು ತಗೀಬ್ಯಾಡ್ರಿ ಅಂದಾರ," ಅಂದನಂತ. ಇರಲಿ ಬಿಡು, ಕುರಿಯಾಂವನ ಹೆಗಲ ಮ್ಯಾಲ ಐತಿ ಅಂದ್ನಿ.

"ಅದಿರಲಿ ಸರ," ಅಂದನಂತ ಅಂವ, "ಬಂದ ಮಂದೆಲ್ಲಾ ಆ ಚೀಲದವರು ಹಂಚಿದ ಫೋಟೋ ಫೋನಿನ್ಯಾಗ ತೋರಿಸಿ, ಇಲ್ಲಿದ್ದ ಅಜ್ಜಿ ಗೊಂಬಿ ಎಲ್ಲಿ ಅಂತ ಕೇಳಾಕತ್ತಾರ. ಏನ ಹೇಳಬೇಕು ತಿಳೀಲಿಲ್ಲ. ಮೂಗು ರಿಪೇರಿಗೆ ಹೋಗೈತಿ ಅಂತ ಹೇಳಾಕತ್ತೇನ್ರಿ."