ಕುರಿ ಔಷಧಿ ತಿಂದ ಮಾವ

ನನ್ನ ಸೋದರಮಾವನಿಗೆ ಮನುಷ್ಯರ ಡಾಕ್ಟರಿಗಿಂತ ಕುರಿ ಡಾಕ್ಟರ ಮೇಲೇ ನಂಬಿಕೆ ಹೆಚ್ಚು. ಮನುಷ್ಯರ ಡಾಕ್ಟರು ಬಳ್ಳಾರಿಯಲ್ಲಿ ಅತ್ತೆಯ ಹೊಟ್ಟೆ ಒತ್ತಿ ನೋಡಿ, ಲಿವರ್ ಕೆಟ್ಟಿದೆ, ಬೂಷ್ಟು ಹಿಡಿದ ಶೇಂಗಾ ತಿನ್ನುತ್ತಿದ್ದರೇ ಎಂದು ಕೇಳಿದರು. ಕೇಳುವುದೇನು ಬಂತು? ಡಿ. ಹಿರೇಹಾಳ್ ಕಡೆಯ ನಮ್ಮ ಮನೆಗಳಲ್ಲಿ ಗಟ್ಟಿ ಕಾಯಿ ವ್ಯಾಪಾರಿಗೆ, ಕರಿ ಕಾಯಿ ಮನೆಗೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ನನಗೆ ಅತ್ತೆ ಕಳಿಸುತ್ತಿದ್ದ ಚಟ್ನಿಪುಡಿ ಮಾತ್ರ ಒಳ್ಳೆಯ ಬೀಜದ್ದು. ಕರಿಯದ್ದು ಅವಳ ಪಾಲು.

ಇನ್ನು ಕುರಿ ಡಾಕ್ಟರು. ಬೂಷ್ಟು ಹಿಡಿದ ಹಿಂಡಿ ತಿಂದು ಮಾವನ ಕುರಿಗಳು ಸೊರಗಿದಾಗ ಅವರು ಒಂದು ಡಬ್ಬಿ ಕೊಟ್ಟು, "ಇದು ಖನಿಜ ಸೇರಿಸಿದ ಈಸ್ಟ್ ಪುಡಿ. ಬೂಷ್ಟಿನ ವಿಷದಿಂದ ಕರುಳು ಕಾಯ್ತೈತಿ" ಎಂದರು. ಕುರಿಗಳು ಚೇತರಿಸಿಕೊಂಡವು. ಅಂದಿನಿಂದ ಮಾವನ ಅಂಬಲಿಗೂ ದಿನಾ ಒಂದು ಚಮಚ ಬಿತ್ತು.

"ಮಾಮ, ಅದು ಕುರಿದು" ಎಂದೆ.

"ಶೇಂಗಾ ಒಂದ, ಬೂಷ್ಟು ಒಂದ. ಹೊಟ್ಟಿ ಯಾಕ ಬ್ಯಾರೆ?"

ಇಂಥ ವಕೀಲರಿಗೆ ಏನು ಹೇಳುತ್ತೀರಿ!

ರಾಯದುರ್ಗದ ಒಂದು ಮದುವೆಯಲ್ಲಿ ಮಾವ ಡಬ್ಬಿ ತೆಗೆದು ಚಿತ್ರಾನ್ನದ ಮೇಲೆ ಉದುರಿಸಿಕೊಂಡ. ಪಕ್ಕದಲ್ಲಿ ಕುಳಿತ ಬೀಗರು ಏನೋ ರುಚಿಯ ಪುಡಿ ಇರಬೇಕೆಂದು ತಾವೂ ಎಲೆ ಮುಂದೆ ಸರಿಸಿದರು. ಎರಡು ತುತ್ತಾದ ಮೇಲೆ ಅನುಮಾನ ಬಂತು.

"ಏನ್ರಿ ಇದು?"

"ಕುರಿ ಔಷಧಿರಿ. ನಿಮಗ ಅರ್ಧ ಚಮಚ ಸಾಕ್ರಿ, ತೂಕ ಕಡಿಮಿ."

ಬೀಗರು ಮಜ್ಜಿಗೆಯವರೆಗೂ ಕೂರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ವಾರಕ್ಕೊಮ್ಮೆ ಬಸ್ಸಿಳಿದು ನನ್ನ ರೂಮಿಗೆ ಬಂದು, ತನ್ನ ರೆಪ್ಪೆ ಎಳೆದು ಹಿಡಿದು, "ಕಣ್ಣು ಹಳದಿ ಆಗ್ಯಾವೇನು ನೋಡು" ಎನ್ನುವನು. ಇಲ್ಲ ಎಂದರೆ ಸಾಕು, ಚಹಾ ಕೂಡ ಕುಡಿಯದೆ ಖುಷಿಯಿಂದ ಹೊರಟುಬಿಡುವನು.

ಅತ್ತೆ ದಿನೇ ದಿನೇ ಇಳಿಯುತ್ತಿದ್ದಳು. ಬಳ್ಳಾರಿ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಇನ್ನು ಯಾವ ಔಷಧಿಯೂ ಹಿಡಿಯುವುದಿಲ್ಲ ಎಂದಿದ್ದರು. ಆ ಭಾನುವಾರ ಊರಿಗೆ ಹೋದಾಗ ಮಾವ ಮತ್ತೆ ಪುಡಿ ಕಲಸುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

"ಅತ್ತಿ ಹಾಸಿಗಿ ಹಿಡದಾಳ. ನಿನಗ ನಿನ್ನ ಹೊಟ್ಟಿದ ಚಿಂತಿ."

ಮಾವ ಕಲಸುವುದನ್ನು ನಿಲ್ಲಿಸಲಿಲ್ಲ. "ಆಕಿಗೆ ಕೊಡೂಕಿಂತ ಮೊದಲ ನಾ ತಿಂದು ನೋಡಿದ್ನವ್ವ. ತಿಂಗಳಾತು, ನನಗೇನೂ ಆಗಲಿಲ್ಲ. ಇವತ್ತಿಂದ ಆಕಿಗೆ" ಎಂದ.

ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಡಾಕ್ಟರು ಹೇಳಿದ್ದನ್ನು ಮಾವನಿಗೆ ಹೇಳಲಿಲ್ಲ. ಅವನು ಕಲಸಿದ ಬಟ್ಟಲು ಹಿಡಿದು ಅತ್ತೆಯ ಪಕ್ಕ ಕುಳಿತೆ.

"ಡಾಕ್ಟ್ರು ನಿನಗ ಹೇಳಿದ್ದು ನನಗ ಕೇಳಿಸೇತಿ" ಎಂದು ಅತ್ತೆ ಮೆಲ್ಲಗೆ ಹೇಳಿದಳು. "ಕೊಡು, ಕುಡಿತೀನಿ. ಆತ ಅಲ್ಲಿಂದ ನೋಡಾಕತ್ಯಾನ."